ಕೊಂಡಿಯ ಆಚೆಗಿನ ನೋಟ

ಪ್ರವಾಸಕ್ಕೆ ಹೊರಟವರು ವಾಹನದ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಗಾಲಿಮನೆಯನ್ನು ಅಮೆರಿಕದಲ್ಲಿ ಟ್ರಾವೆಲ್ ಟ್ರೈಲರ್ ಎನ್ನುತ್ತಾರೆ. ಮಂಚ, ಒಲೆ, ಫ್ರಿಜ್, ಶೌಚಾಲಯಗಳನ್ನೆಲ್ಲ ಒಡಲಲ್ಲಿಟ್ಟುಕೊಂಡ, ಸಾಮಾನ್ಯವಾಗಿ 20ರಿಂದ 30 ಅಡಿ ಉದ್ದ ಹಾಗೂ ಸುಮಾರು 8 ಅಡಿ ಅಗಲವಿರುವ ಈ ಪೆಟ್ಟಿಗೆಗೆ ಸ್ವಂತ ಎಂಜಿನ್ ಇರುವುದಿಲ್ಲ. ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿರುವ ಉಕ್ಕಿನ ಗುಂಡಿನ ಮೇಲೆ ಟ್ರೈಲರಿನ ಮೂತಿಯನ್ನು ಕೂರಿಸಿ ಬಿಗಿದರೆ, ಹಿಚ್ ಎಂದು ಕರೆಯುವ ಆ ಕೊಂಡಿಯ ಮೂಲಕ ಎರಡೂ ಒಂದೇ ವಾಹನವಾಗಿ ಸಾಗುತ್ತವೆ. ಕೊಂಡಿ ಬಿಗಿದ ಕ್ಷಣದಿಂದ ಚಾಲಕನ ತಲೆಯ ಮೇಲಿನ ಕನ್ನಡಿಯಲ್ಲಿ ಟ್ರೈಲರಿನ ಮುಂಗೋಡೆಯ ಹೊರತು ಬೇರೇನೂ ಕಾಣುವುದಿಲ್ಲ, ಕಾರ್ಖಾನೆಯಿಂದಲೇ ಬಂದ ರಿವರ್ಸ್ ಕ್ಯಾಮೆರಾ ತೋರಿಸುವುದೂ ಅದೇ ಗೋಡೆಯನ್ನೇ. ಟ್ರೈಲರಿನ ಬೆನ್ನಿಗೆ ನಿಸ್ತಂತು ಕ್ಯಾಮೆರಾ ಕೂರಿಸುವ ಪದ್ಧತಿ ಬೆಳೆದದ್ದು ಈ ಕೊರತೆಯಿಂದ. ಅದರ ಇತಿಹಾಸವನ್ನು ಕ್ಯಾಮೆರಾಗಳ ಸುಧಾರಣೆಯ ಕತೆಯೆಂದು ಓದುವುದಕ್ಕಿಂತ, ಎರಡು ವಾಹನಗಳು ಸೇರುವ ಆ ಒಂದು ಸಂಧಿಯನ್ನು ಚಿತ್ರವು ಹೇಗೆ ದಾಟಿತೆಂಬ ಕತೆಯಾಗಿ ಓದುವುದು ಹೆಚ್ಚು ಸರಿ.

ಹಿಂದಿನದನ್ನು ಮುಂದೆ ಕುಳಿತೇ ನೋಡುವ ಆಸೆ ಮೋಟಾರು ವಾಹನದಷ್ಟೇ ಹಳೆಯದು. 1909ರಲ್ಲಿ ಬ್ರಿಟನ್ನಿನ ಚಾಲಕಿ ಡೊರೊಥಿ ಲೆವಿಟ್ ತಮ್ಮ ಪುಸ್ತಕದಲ್ಲಿ, ಕಾರು ಓಡಿಸುವ ಹೆಂಗಸರು ಒಂದು ಕೈಗನ್ನಡಿಯನ್ನು ಇಟ್ಟುಕೊಂಡು ಆಗಾಗ ಹಿಂದಿನ ದಾರಿಯನ್ನು ನೋಡಿಕೊಳ್ಳಬೇಕೆಂದು ಸಲಹೆ ಕೊಟ್ಟಿದ್ದರು. ಎರಡು ವರ್ಷಗಳ ನಂತರ, 1911ರ ಮೊದಲ ಇಂಡಿಯಾನಾಪೊಲಿಸ್ 500 ಪಂದ್ಯದಲ್ಲಿ ರೇ ಹ್ಯಾರೂನ್ ತಮ್ಮ ಮಾರ್ಮನ್ ಕಾರಿಗೆ ಕನ್ನಡಿಯೊಂದನ್ನು ಬಿಗಿದು ಒಬ್ಬರೇ ಓಡಿಸಿ ಗೆದ್ದರು. ಹಿಂದೆ ಬರುವವರನ್ನು ಗಮನಿಸಿ ಹೇಳಲು ಉಳಿದ ಕಾರುಗಳಲ್ಲಿ ಮೆಕ್ಯಾನಿಕ್ ಒಬ್ಬ ಜೊತೆಗೆ ಕೂರುತ್ತಿದ್ದ ಕಾಲ ಅದು.

ಕನ್ನಡಿಯ ಜಾಗಕ್ಕೆ ಟೆಲಿವಿಷನ್ ಬಂದದ್ದು 1956ರಲ್ಲಿ. ಜನರಲ್ ಮೋಟಾರ್ಸ್ ಆ ವರ್ಷದ ತನ್ನ ಮೋಟೊರಾಮಾ ಪ್ರದರ್ಶನದಲ್ಲಿಟ್ಟ ಬ್ಯುಯಿಕ್ ಸೆಂಚುರಿಯನ್ ಎಂಬ ಪ್ರಾಯೋಗಿಕ ಕಾರಿಗೆ ಹಿಂಗನ್ನಡಿಯೇ ಇರಲಿಲ್ಲ. ಬೆನ್ನಿನಲ್ಲೊಂದು ಟೆಲಿವಿಷನ್ ಕ್ಯಾಮೆರಾ, ಡ್ಯಾಶ್‌ಬೋರ್ಡಿನಲ್ಲೊಂದು ಪುಟ್ಟ ಪರದೆ ಇದ್ದವು. ನಿರ್ವಾತ ನಳಿಗೆಗಳಿಂದ ಕೆಲಸ ಮಾಡುತ್ತಿದ್ದ ಆಗಿನ ಕ್ಯಾಮೆರಾ ದಪ್ಪವೂ ದುಬಾರಿಯೂ ಆಗಿದ್ದುದರಿಂದ ಆ ಕಲ್ಪನೆ ಪ್ರದರ್ಶನದ ವೇದಿಕೆಯಿಂದ ಕೆಳಗಿಳಿಯಲಿಲ್ಲ. 1972ರಲ್ಲಿ ವೋಲ್ವೊ ತನ್ನ ಪ್ರಾಯೋಗಿಕ ಸುರಕ್ಷತಾ ಕಾರಿನಲ್ಲಿ ಅದನ್ನು ಮತ್ತೆ ತೋರಿಸಿತು. ಅಷ್ಟರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ 1969ರಲ್ಲಿ ಸಿಸಿಡಿಯನ್ನು, ಎಂದರೆ ಬೆಳಕನ್ನು ನೇರವಾಗಿ ವಿದ್ಯುತ್ ಸಂಕೇತವಾಗಿ ಬದಲಿಸಿಕೊಳ್ಳುವ ಸಿಲಿಕಾನ್ ಬಿಲ್ಲೆಯನ್ನು ರೂಪಿಸಿದ್ದರಿಂದ, ಕ್ಯಾಮೆರಾ ಬೆರಳಿನ ಗಾತ್ರಕ್ಕೆ ಇಳಿಯುವ ದಾರಿ ತೆರೆದಿತ್ತು. 1991ರಲ್ಲಿ ಜಪಾನಿನ ಮಾರುಕಟ್ಟೆಗೆಂದೇ ಬಂದ ಟೊಯೊಟಾ ಸೋರರ್ ಕಾರಿನ ಹಿಂಬದಿಯ ಸ್ಪಾಯ್ಲರಿನಲ್ಲಿ ಅಡಗಿದ್ದದ್ದು ಇಂಥದೇ ಸಿಸಿಡಿ ಕ್ಯಾಮೆರಾ. ಅಮೆರಿಕದ ಗಿರಾಕಿಗೆ ಈ ಸೌಕರ್ಯ ದೊರೆತದ್ದು ಹೊಸ ಶತಮಾನದ ಆರಂಭದಲ್ಲಿ, ಇನ್ಫಿನಿಟಿ ಕ್ಯೂ45 ಕಾರಿನೊಂದಿಗೆ.

ಆಯ್ಕೆಯ ಸೌಕರ್ಯವಾಗಿದ್ದ ಈ ಕ್ಯಾಮೆರಾವನ್ನು ಕಡ್ಡಾಯದ ಉಪಕರಣವಾಗಿಸಿದ್ದು ಮಕ್ಕಳ ಸಾವು. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಮಕ್ಕಳ ವೈದ್ಯರೊಬ್ಬರು ತಮ್ಮ ಎತ್ತರದ ವಾಹನವನ್ನು ಮನೆಯಂಗಳದಲ್ಲಿ ಹಿಂದಕ್ಕೆ ತೆಗೆಯುತ್ತಿದ್ದಾಗ, ಕನ್ನಡಿಗೆ ನಿಲುಕದ ಜಾಗದಲ್ಲಿದ್ದ ಅವರದೇ ಎರಡು ವರ್ಷದ ಮಗ ಚಕ್ರಕ್ಕೆ ಸಿಕ್ಕಿ ತೀರಿಕೊಂಡ. ಆ ಮಗುವಿನ ಹೆಸರನ್ನೇ ಹೊತ್ತ ಕ್ಯಾಮರೂನ್ ಗುಲ್ಬ್ರಾನ್ಸೆನ್ ಕಾಯ್ದೆಗೆ 2008ರ ಫೆಬ್ರುವರಿಯಲ್ಲಿ ಅಧ್ಯಕ್ಷರ ಅಂಕಿತ ಬಿತ್ತು. ಕಾಯ್ದೆ ಬಂದರೂ ನಿಯಮ ಬರಲಿಲ್ಲ: ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು, ಹೆತ್ತವರೂ ಗ್ರಾಹಕ ಸಂಘಟನೆಗಳೂ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು, ಕೊನೆಗೆ 2014ರ ಮಾರ್ಚ್ 31ರಂದು ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು ಅಂತಿಮ ನಿಯಮವನ್ನು ಪ್ರಕಟಿಸಿತು. ಹಿಂದಕ್ಕೆ ಚಲಿಸುವ ವಾಹನಗಳಿಗೆ ಸಿಕ್ಕಿ ಅಮೆರಿಕದಲ್ಲಿ ವರ್ಷಕ್ಕೆ ಸರಾಸರಿ 210 ಜನ ಸಾಯುತ್ತಾರೆ, ಅವರಲ್ಲಿ ಶೇ 31ರಷ್ಟು ಐದು ವರ್ಷದೊಳಗಿನ ಮಕ್ಕಳು ಎಂಬುದು ಆಗ ಆ ಸಂಸ್ಥೆಯೇ ಕೊಟ್ಟ ಅಂದಾಜು. ಅಷ್ಟು ಮಕ್ಕಳ ಲೆಕ್ಕ ಕಣ್ಣ ಮುಂದಿದ್ದೂ ನಿಯಮಕ್ಕೆ ಆರು ವರ್ಷ ಹಿಡಿದದ್ದು ಯಾವ ನೆಪದಿಂದಲೂ ಸಮರ್ಥಿಸಲಾಗದ ವಿಳಂಬ. 2018ರ ಮೇ 1ರಿಂದ, 10,000 ಪೌಂಡಿಗಿಂತ (ಸುಮಾರು 4,500 ಕಿಲೊ) ಕಡಿಮೆ ತೂಕದ ಪ್ರತಿ ಹೊಸ ವಾಹನವೂ ತನ್ನ ಹಿಂದಿನ 20 ಅಡಿ ಉದ್ದ, 10 ಅಡಿ ಅಗಲದ ಜಾಗವನ್ನು ಪರದೆಯ ಮೇಲೆ ತೋರಿಸಬೇಕು. ರಿವರ್ಸ್ ಗೇರಿಗೆ ಹಾಕಿದ ಎರಡು ಸೆಕೆಂಡಿನೊಳಗೆ ಚಿತ್ರ ಮೂಡಬೇಕು.

ಈ ನಿಯಮದ ವ್ಯಾಪ್ತಿ ಕೊಂಡಿಯ ಬಳಿ ನಿಂತುಬಿಡುತ್ತದೆ. ಟ್ರೈಲರುಗಳಿಗೆ ಅದು ಅನ್ವಯಿಸುವುದಿಲ್ಲವಾದ್ದರಿಂದ, ಚಿಕ್ಕ ಕಾರಿನ ಹಿಂದಿನ ಇಪ್ಪತ್ತು ಅಡಿ ಜಾಗ ಕಾನೂನಿನ ಕಣ್ಣಿಗೆ ಬಿದ್ದಿದ್ದರೂ, ಕಾಣದ ಜಾಗ ಅದಕ್ಕಿಂತ ಎಷ್ಟೋ ಹೆಚ್ಚಿರುವ ಗಾಲಿಮನೆಯ ಬೆನ್ನನ್ನು ಕಾಯುವ ಹೊಣೆ ಅದರ ಮಾಲೀಕನ ಮೇಲೆಯೇ ಉಳಿಯಿತು. ಟ್ರೈಲರನ್ನು ಹಿಂದಕ್ಕೆ ತಳ್ಳುವುದು ಅಭ್ಯಾಸ ಬೇಡುವ ಕೆಲಸವೂ ಹೌದು. ಕಬ್ಬು ತುಂಬಿದ ಟ್ರೈಲರನ್ನು ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ರಿವರ್ಸ್ ತೆಗೆಯುವ ಮಂಡ್ಯದ ಟ್ರ್ಯಾಕ್ಟರ್ ಚಾಲಕ, ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೆ ಟ್ರೈಲರಿನ ಹಿಂಬದಿ ಎಡಕ್ಕೆ ಸರಿಯುತ್ತದೆಂಬುದನ್ನು ಅನುಭವದಿಂದಲೇ ಬಲ್ಲ. ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನುವ ಜೊತೆಗಾರನ ದನಿ ಅವನ ಕಣ್ಣಾಗಿರುತ್ತದೆ. ಅಮೆರಿಕದ ಶಿಬಿರತಾಣದಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ಗಂಡ ಅಥವಾ ಹೆಂಡತಿ ಮಾಡುತ್ತಾರೆ, ಒಬ್ಬಂಟಿಯಾಗಿ ಹೊರಟವರಿಗೆ ಆ ಆಸರೆಯೂ ಇಲ್ಲ.

ಹಾಗಾದರೆ ಟ್ರೈಲರಿನ ಹಿಂಗೋಡೆಗೆ ಕ್ಯಾಮೆರಾ ಹಾಕಿ ತಂತಿಯೆಳೆದರೆ ಸಾಲದೇ ಎಂಬ ಪ್ರಶ್ನೆಗೆ ಉತ್ತರ ಕೊಂಡಿಯ ಪಕ್ಕದಲ್ಲಿ ತೂಗುವ ಪ್ಲಗ್ಗಿನಲ್ಲಿದೆ. ಮುಷ್ಟಿಗಾತ್ರದ ಈ ದುಂಡು ಪ್ಲಗ್ಗಿನೊಳಗೆ ಸುತ್ತಲೂ ಆರು ಚಪ್ಪಟೆ ಪಟ್ಟಿಗಳು, ನಡುವೆ ಒಂದು ಕಡ್ಡಿ ಇರುತ್ತವೆ. ಆರು ಪಟ್ಟಿಗಳಲ್ಲಿ ಒಂದು ಅರ್ತಿಂಗ್, ಒಂದು ಟ್ರೈಲರಿನ ವಿದ್ಯುತ್ ಬ್ರೇಕಿಗೆ, ಒಂದು ರಾತ್ರಿದೀಪಗಳಿಗೆ, ಎರಡು ಎಡಬಲದ ಇಂಡಿಕೇಟರುಗಳಿಗೆ, ಮತ್ತೊಂದು 12 ವೋಲ್ಟಿನ ಸರಬರಾಜಿಗೆ ಮೀಸಲು. ನಡುವಿನ ಕಡ್ಡಿ ರಿವರ್ಸ್ ದೀಪಕ್ಕೆ. ದೀಪ ಉರಿಸಲು ಬೇಕಾದಷ್ಟು ಕರೆಂಟು ಈ ಹಾದಿಯಲ್ಲಿ ಹರಿಯುತ್ತದೆ, ಆದರೆ ಹೊರಗಿನ ಗದ್ದಲ ಒಳಗೆ ನುಸುಳದಂತೆ ಲೋಹದ ಹೊದಿಕೆ ಹೊತ್ತ ವಿಡಿಯೊ ತಂತಿಗೆ ಇಲ್ಲಿ ಎಡೆಯಿಲ್ಲ. ಮೋಟಾರ್‌ಹೋಮ್ ಎನ್ನುವ, ಎಂಜಿನ್ ಸಹಿತವಾದ ಒಂದೇ ಒಡಲಿನ ಗಾಲಿಮನೆಗಳಿಗೆ ತಂತಿಯ ಕ್ಯಾಮೆರಾ ಬಹಳ ಮೊದಲೇ ಹೊಂದಿಕೊಂಡದ್ದು ಅಲ್ಲಿ ಸಂಧಿಯೇ ಇರದ ಕಾರಣದಿಂದ. ಟ್ರೈಲರಿಗಾಗಿ ಸುರುಳಿ ತಂತಿಯೂ ಪ್ರತ್ಯೇಕ ವಿಡಿಯೊ ಪ್ಲಗ್ಗೂ ಬಂದವಾದರೂ, ಪ್ರತಿ ನಿಲ್ದಾಣದಲ್ಲೂ ಕಳಚಿ ಜೋಡಿಸಬೇಕಾದ, ಮಳೆ ಕೆಸರುಗಳಿಗೆ ತುಕ್ಕು ಹಿಡಿಯುವ, ತಿರುವಿನಲ್ಲಿ ಸಿಕ್ಕಿಕೊಂಡು ಹರಿಯುವ ಆ ತಂತಿ ಎಲ್ಲ ದೂರುಗಳ ಮೂಲವಾಯಿತು.

ತಂತಿಯಿಲ್ಲದ ದಾರಿಯನ್ನು ತೆರೆದದ್ದು ವಾಹನೋದ್ಯಮವಲ್ಲ, ರೇಡಿಯೊ ಆಡಳಿತ. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನವು ಕೈಗಾರಿಕೆ, ವಿಜ್ಞಾನ ಮತ್ತು ವೈದ್ಯಕೀಯ ಉಪಕರಣಗಳಿಗೆಂದು ಕೆಲವು ಆವರ್ತನ ಪಟ್ಟಿಗಳನ್ನು ಬಿಟ್ಟುಕೊಟ್ಟಿತ್ತು. ಆವರ್ತನವೆಂದರೆ ರೇಡಿಯೊ ಅಲೆ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆಂಬ ಲೆಕ್ಕ. ಮೈಕ್ರೊವೇವ್ ಒಲೆ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಪಟ್ಟಿ ಇವುಗಳಲ್ಲೊಂದು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗವು, ತನ್ನ ಎಂಜಿನಿಯರ್ ಮೈಕೆಲ್ ಮಾರ್ಕಸ್ ಅವರ ಪ್ರಯತ್ನದ ಫಲವಾಗಿ, ಸಂಕೇತವನ್ನು ವಿಶಾಲ ಪಟ್ಟಿಯ ತುಂಬ ಹರಡಿ ಕಳಿಸುವ ಸಾಧನಗಳು ಈ ಪಟ್ಟಿಗಳನ್ನು ಪರವಾನಗಿಯಿಲ್ಲದೆ ಬಳಸಬಹುದೆಂದು ಅನುಮತಿಸಿತು. ವೈಫೈ, ಬ್ಲೂಟೂತ್, ನಿಸ್ತಂತು ಕ್ಯಾಮೆರಾ ಎಲ್ಲವೂ ಇದೇ ಬಯಲಿಗೆ ಬಂದು ನೆಲೆಸಿದವು.

ಮೊದಲ ಪೀಳಿಗೆಯ ಅಗ್ಗದ ನಿಸ್ತಂತು ಕ್ಯಾಮೆರಾಗಳು ಅನಲಾಗ್ ಬಗೆಯವು, ಎಂದರೆ ಚಿತ್ರವನ್ನು ಅಂಕಿಗಳಾಗಿ ಬದಲಿಸದೆ ಅಲೆಯ ಏರಿಳಿತವಾಗಿಯೇ ಕಳಿಸುವಂಥವು. ಅವುಗಳಿಗೆ ಸಾಮಾನ್ಯವಾಗಿ ನಾಲ್ಕೇ ಚಾನೆಲ್‌ಗಳಿದ್ದುದರಿಂದ, ಶಿಬಿರತಾಣದಲ್ಲಿ ಪಕ್ಕದ ಟ್ರೈಲರಿನವರೂ ಅದೇ ಚಾನೆಲ್ ಹಿಡಿದಿದ್ದರೆ ಇವರ ಪರದೆಯಲ್ಲಿ ಅವರ ಹಿತ್ತಿಲು ಮೂಡುವ ಸಂಭವವಿತ್ತು. ವೈಫೈ ದಟ್ಟವಾಗಿದ್ದ ಊರು ದಾಟುವಾಗ ಚಿತ್ರ ಗೆರೆಗೆರೆಯಾಗುತ್ತಿತ್ತು. ಈಗಿನ ಡಿಜಿಟಲ್ ಕ್ಯಾಮೆರಾ ತನ್ನ ಮಾನಿಟರಿನೊಂದಿಗೆ ಮಾತ್ರ ಜೋಡಿಯಾಗುತ್ತದೆ. ಎರಡೂ ಮೊದಲೇ ಒಪ್ಪಿಕೊಂಡ ಕ್ರಮದಲ್ಲಿ ಒಂದು ಆವರ್ತನದಿಂದ ಇನ್ನೊಂದಕ್ಕೆ ಸೆಕೆಂಡಿಗೆ ಹಲವಾರು ಬಾರಿ ಜಿಗಿಯುತ್ತ ಹೋಗುವುದರಿಂದ ಬೇರೆಯವರ ಸಂಕೇತ ನಡುವೆ ಬಂದರೂ ಕ್ಷಣಮಾತ್ರಕ್ಕೆ ಸೀಮಿತವಾಗುತ್ತದೆ. ಇದೇ ಬಗೆಯ ಜಿಗಿತದ ತಂತ್ರಕ್ಕೆ ಹಾಲಿವುಡ್ ನಟಿ ಹೆಡಿ ಲಮಾರ್ ಮತ್ತು ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ 1942ರಲ್ಲೇ ಪೇಟೆಂಟ್ ಪಡೆದಿದ್ದರು; ಟಾರ್ಪಿಡೊಗೆ ಕೊಡುವ ರೇಡಿಯೊ ಆದೇಶವನ್ನು ಶತ್ರು ಕೆಡಿಸದಿರಲೆಂಬುದು ಅವರ ಉದ್ದೇಶವಾಗಿತ್ತು.

ಡಿಜಿಟಲ್ ಚಿತ್ರಕ್ಕೆ ತೆರಬೇಕಾದ ಬೆಲೆ ವಿಳಂಬ. ಚಿತ್ರವನ್ನು ಕುಗ್ಗಿಸಿ, ಕಳಿಸಿ, ಮತ್ತೆ ಹಿಗ್ಗಿಸುವಷ್ಟರಲ್ಲಿ ಸೆಕೆಂಡಿನ ಹತ್ತನೆಯ ಅಥವಾ ಐದನೆಯ ಒಂದು ಭಾಗ ಕಳೆದಿರುತ್ತದೆ. ಗಂಟೆಗೆ 100 ಕಿಲೊಮೀಟರ್ ವೇಗದಲ್ಲಿ ಸೆಕೆಂಡಿನ ಐದನೆಯ ಒಂದು ಭಾಗಕ್ಕೆ ವಾಹನ ಐದೂವರೆ ಮೀಟರ್ ಸಾಗುತ್ತದೆಂಬ ಲೆಕ್ಕ ಹಾಕಿ ಹೆದರುವವರಿದ್ದಾರೆ, ಆದರೆ ಹೆದ್ದಾರಿಯಲ್ಲಿ ಎಣಿಕೆಗೆ ಬರುವುದು ಹಿಂದಿನ ವಾಹನಕ್ಕೂ ತನಗೂ ಇರುವ ವೇಗದ ವ್ಯತ್ಯಾಸ ಮಾತ್ರ. ಅದು 20 ಕಿಲೊಮೀಟರ್ ಆಗಿದ್ದರೆ ಚಿತ್ರ ಹಿಂದುಳಿಯುವುದು ಒಂದು ಮೀಟರಿಗೆ ತುಸು ಹೆಚ್ಚು. ನಿಜವಾದ ಎಚ್ಚರ ಬೇಕಾದದ್ದು ನಿಧಾನವಾಗಿ ರಿವರ್ಸ್ ಹೋಗುವಾಗ. ಗಂಟೆಗೆ ಐದು ಕಿಲೊಮೀಟರ್ ವೇಗದಲ್ಲಿಯೂ ಅಷ್ಟು ವಿಳಂಬಕ್ಕೆ ಸುಮಾರು ಒಂದಡಿ ಕಳೆದುಹೋಗುತ್ತದೆ, ಶಿಬಿರತಾಣದ ಕರೆಂಟು ಕಂಬಕ್ಕೂ ಟ್ರೈಲರಿನ ಮೂಲೆಗೂ ಎಷ್ಟೋ ಸಲ ಅಷ್ಟೇ ಅಂತರವಿರುತ್ತದೆ. ವಿಳಂಬಕ್ಕಿಂತ ಅಪಾಯಕರವಾದದ್ದು ಹೆಪ್ಪುಗಟ್ಟಿದ ಚಿತ್ರ: ಸಂಕೇತ ಕಡಿದಾಗ ಕಡೆಯ ಚಿತ್ರವನ್ನೇ ಹಿಡಿದು ನಿಲ್ಲುವ ಮಾನಿಟರ್, ಖಾಲಿ ದಾರಿಯನ್ನು ತೋರಿಸುತ್ತಲೇ ಇರಬಹುದು. ಸಂಕೇತ ಹೋದೊಡನೆ ಪರದೆ ಕಪ್ಪಾಗುವ ಉಪಕರಣವೇ ನಂಬಿಕೆಗೆ ಅರ್ಹ, ಕೊಳ್ಳುವ ಮೊದಲು ಕ್ಯಾಮೆರಾದ ವಿದ್ಯುತ್ತನ್ನು ಕಡಿದು ಇದೊಂದನ್ನು ಪರೀಕ್ಷಿಸಿ ನೋಡಬೇಕು.

ಪೆಟ್ಟಿಗೆಯ ಮೇಲೆ ಅಚ್ಚಾದ ದೂರವನ್ನು ಹಾಗೆಯೇ ಒಪ್ಪುವಂತಿಲ್ಲ, ಏಕೆಂದರೆ ಅದು ನಡುವೆ ಅಡ್ಡಿಯಿಲ್ಲದ ಬಯಲಿನ ಲೆಕ್ಕ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಇಷ್ಟು ಚಿಕ್ಕ ಅಲೆ ಲೋಹವನ್ನು ದಾಟಲಾರದು, ದೊಡ್ಡ ಅಡ್ಡಿಯನ್ನು ಸುಲಭವಾಗಿ ಬಳಸಿಕೊಂಡೂ ಬಾರದು. ಏರ್‌ಸ್ಟ್ರೀಮ್‌ನಂಥ ಟ್ರೈಲರಿನ ಹೊರಮೈ ಪೂರ್ತಿ ಅಲ್ಯೂಮಿನಿಯಂ, ಫೈಬರ್‌ಗ್ಲಾಸ್ ಗೋಡೆಯ ಹಲವು ಟ್ರೈಲರುಗಳ ಒಳಚೌಕಟ್ಟೂ ಅದೇ. ಆದ್ದರಿಂದ ಆಂಟೆನಾವನ್ನು ಛಾವಣಿಯ ಅಂಚಿಗಿಂತ ಮೇಲಕ್ಕೆ ಚಾಚುವಂತಿರುವ, ಅಗತ್ಯವಾದರೆ ತಂತಿಯ ಮೂಲಕ ಅದನ್ನು ಟ್ರೈಲರಿನ ಮುಂಗೋಡೆಗೆ ತರಬಹುದಾದ ಮಾದರಿಯು, ಮೂರು ಪಟ್ಟು ದೂರದ ಭರವಸೆ ಕೊಡುವ ಇನ್ನೊಂದಕ್ಕಿಂತ ಮೇಲು.

ವಿದ್ಯುತ್ತು ಎಲ್ಲಿಂದ ಎಂಬುದು ಮುಂದಿನ ಪ್ರಶ್ನೆ, ನಿಸ್ತಂತು ಎಂಬ ಹೆಸರಿದ್ದರೂ ಕ್ಯಾಮೆರಾಕ್ಕೆ ಸಾಮಾನ್ಯವಾಗಿ 12 ವೋಲ್ಟಿನ ತಂತಿ ಬೇಕು. ಅಮೆರಿಕದ ಗಾಲಿಮನೆಗಳ ಬಹುಪಾಲು ತಯಾರಾಗುವ ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತಲಿನ ಕಾರ್ಖಾನೆಗಳು, ಫ್ಯೂರಿಯನ್ ಮುಂತಾದ ಕಂಪನಿಗಳ ಕ್ಯಾಮೆರಾ ಕೂರುವ ಬ್ರಾಕೆಟ್ಟನ್ನೂ ತಂತಿಯನ್ನೂ ಹಿಂಗೋಡೆಯ ಮೇಲ್ತುದಿಯಲ್ಲಿ ಮೊದಲೇ ಸಿದ್ಧಪಡಿಸಿ ಕಳಿಸುವ ರೂಢಿ ಬೆಳೆದ ಮೇಲೆ, ಅಂಥ ಟ್ರೈಲರುಗಳಲ್ಲಿ ಗೋಡೆ ಕೊರೆಯುವ, ಕೊರೆದ ತೂತಿನಿಂದ ನೀರು ಜಿನುಗುವ ತಾಪತ್ರಯ ತಪ್ಪಿತು. ಆದರೆ ಆ ತಂತಿಯನ್ನು ಹೆಚ್ಚಾಗಿ ರಾತ್ರಿದೀಪಗಳ ಸಾಲಿಗೆ ಸೇರಿಸಿರುವುದರಿಂದ ಟ್ರಕ್ಕಿನ ದೀಪ ಹಾಕಿದರೆ ಮಾತ್ರ ಕ್ಯಾಮೆರಾಕ್ಕೆ ಜೀವ ಬರುತ್ತದೆ. ಹಗಲಿನಲ್ಲಿ ದೀಪವಾರಿಸಿ ಹೊರಟವರಿಗೆ ಪರದೆ ಕಪ್ಪಾಗಿ ಕಂಡರೆ ಅದು ಉಪಕರಣದ ದೋಷವಲ್ಲ. ಬ್ಯಾಟರಿಯಿಂದ ನಡೆಯುವ, ಆಯಸ್ಕಾಂತದ ಬಲದಿಂದ ಅಂಟಿಕೊಳ್ಳುವ ಚಿಕ್ಕ ಕ್ಯಾಮೆರಾಗಳು ಕೊಂಡಿಯ ಗುಂಡನ್ನೂ ಟ್ರೈಲರಿನ ಮೂತಿಯನ್ನೂ ಸರಿಹೊಂದಿಸಲು ಸಾಕು, ದೀರ್ಘ ಪ್ರಯಾಣಕ್ಕಲ್ಲ. ಅವುಗಳಿಗೂ ಮಿತಿಯಿದೆ: 2015ರ ಮಾದರಿಯಿಂದ ಫೋರ್ಡ್ ಎಫ್-150 ಟ್ರಕ್ಕಿನ ಮೈ ಅಲ್ಯೂಮಿನಿಯಂ ಆಗಿರುವುದರಿಂದ ಅದಕ್ಕೆ ಆಯಸ್ಕಾಂತ ಹಿಡಿಯುವುದಿಲ್ಲ.

ನೀರಿನ ರಕ್ಷಣೆಗೆ ಕೊಡುವ ಅಂಕಗಳಲ್ಲಿ ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಾಳುವುದು, ಐಪಿ69ಕೆ ಎಂದರೆ 80 ಡಿಗ್ರಿ ಬಿಸಿನೀರನ್ನು ಭಾರಿ ಒತ್ತಡದಲ್ಲಿ ಹತ್ತಿರದಿಂದ ಚಿಮ್ಮಿಸಿದರೂ ತಾಳುವುದು. ಗಾಳಿಮಳೆಗೆ ಎದುರಾಗಿ ಓಡುವ ಮತ್ತು ಪ್ರೆಷರ್ ಪಂಪಿನಿಂದ ತೊಳೆಸಿಕೊಳ್ಳುವ ವಾಹನಕ್ಕೆ ಎರಡನೆಯದೇ ಸರಿ. ನೋಟದ ಕೋನ ಹಿಗ್ಗಿದಷ್ಟೂ ಬದಿಗಳು ಹೆಚ್ಚು ಕಾಣುತ್ತವೆ, ಆದರೆ ವಸ್ತುಗಳು ಇದ್ದುದಕ್ಕಿಂತ ದೂರದಲ್ಲಿರುವಂತೆ ತೋರುತ್ತವೆ. ಚಿತ್ರವನ್ನು ಕನ್ನಡಿಯಂತೆ ಎಡಬಲ ಮಗುಚಿ ತೋರಿಸುವ ಸೆಟ್ಟಿಂಗ್ ಸರಿಯಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳುವುದು ಅವಶ್ಯ. ಸ್ಟಿಯರಿಂಗಿನ ತಿರುವುಮುರುವಿಗೆ ಚಿತ್ರದ ತಿರುವುಮುರುವೂ ಸೇರಿದರೆ ನುರಿತ ಕೈಯೂ ತಪ್ಪುತ್ತದೆ.

ವಾಹನ ತಯಾರಕರೂ ಈಗ ಟ್ರೈಲರಿನ ಬೆನ್ನಿನತ್ತ ಗಮನ ಹರಿಸಿದ್ದಾರೆ. ಜನರಲ್ ಮೋಟಾರ್ಸ್ 2020ರ ಮಾದರಿಯ ತನ್ನ ಭಾರಿ ಪಿಕಪ್‌ಗಳಲ್ಲಿ, ಟ್ರಕ್ಕಿನ ಹಿಂಗ್ಯಾಮೆರಾದ ಚಿತ್ರವನ್ನೂ ಟ್ರೈಲರಿನ ಬೆನ್ನಿಗೆ ಹಾಕಿದ ಕ್ಯಾಮೆರಾದ ಚಿತ್ರವನ್ನೂ ಹೊಂದಿಸಿ, ನಡುವಿನ ಟ್ರೈಲರೇ ಗಾಜಾಗಿದೆಯೋ ಎಂಬಂತೆ ಹಿಂದಿನ ದಾರಿಯನ್ನು ತೋರಿಸುವ ವ್ಯವಸ್ಥೆಯನ್ನು ತಂದಿತು. ಅದರ ಹೆಚ್ಚುವರಿ ಕ್ಯಾಮೆರಾ ಮಾತ್ರ ಟ್ರಕ್ಕಿಗೆ ಸೇರುವುದು ತಂತಿಯ ಮೂಲಕವೇ, ಕೊಂಡಿಯ ಬಳಿ ಪ್ರತಿ ಸಲ ಜೋಡಿಸಬೇಕಾದ ಇನ್ನೊಂದು ಪ್ಲಗ್ಗಿನೊಂದಿಗೆ. ಬೇರೆ ಬೇರೆ ಕಂಪನಿಗಳ ಟ್ರಕ್ಕು, ಟ್ರೈಲರು ಮತ್ತು ಪರದೆಗಳ ನಡುವೆ ಚಿತ್ರ ಹರಿಯಲು ಎಲ್ಲರೂ ಒಪ್ಪಿದ ಮಾನಕವಿಲ್ಲದಿರುವಾಗ, ಬಿಡಿಯಾಗಿ ಕೊಂಡ ನಿಸ್ತಂತು ಕ್ಯಾಮೆರಾಕ್ಕೆ ಒಂದು ಅನುಕೂಲ ಉಳಿದೇ ಇದೆ: ಟ್ರಕ್ಕನ್ನು ಮಾರಿ ಬೇರೆ ಕಂಪನಿಯದನ್ನು ಕೊಂಡರೂ ಮಾನಿಟರನ್ನು ಕಿತ್ತು ಹೊಸ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಸಾಕು, ಟ್ರೈಲರಿನ ಬೆನ್ನಿನ ಕ್ಯಾಮೆರಾವನ್ನು ಮುಟ್ಟಬೇಕಾಗುವುದಿಲ್ಲ.