ಕೈಗಾ: ಕಾಳಿ ದಂಡೆಯ ಅಣುಸ್ಥಾವರ

ಕರ್ನಾಟಕದ ಏಕೈಕ ಅಣು ವಿದ್ಯುತ್ ಸ್ಥಾವರ ಇರುವುದು ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ಕಾಳಿ ನದಿಯ ದಂಡೆಗೆ, ಪಶ್ಚಿಮ ಘಟ್ಟದ ಕಾಡಿನ ನಡುವೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಇಲ್ಲಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಯಂತ್ರಗಳನ್ನು ತಣಿಸಲು ಕದ್ರಾ ಜಲಾಶಯದ ನೀರು ಬಳಕೆಯಾಗುತ್ತದೆ. ಸಿಬ್ಬಂದಿಯ ವಸತಿ ಬಡಾವಣೆ ಮಲ್ಲಾಪುರದಲ್ಲಿದೆ. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಬರೆಯಿತು.

ಸ್ಥಾವರಕ್ಕೆ ವಿರೋಧ ಶುರುವಾದದ್ದು ಅದು ತಲೆಯೆತ್ತುವ ಮೊದಲೇ. ಡಾ. ಶಿವರಾಮ ಕಾರಂತರು 1989ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಪರಿಸರದ ಪ್ರಶ್ನೆ ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. 1994ರ ಮೇ 13ರಂದು ನಿರ್ಮಾಣ ಹಂತದಲ್ಲಿದ್ದ ರಿಯಾಕ್ಟರ್ ಗುಮ್ಮಟದ ಒಳಪದರದ ಕಾಂಕ್ರೀಟ್ ಕುಸಿಯಿತು. ಇಂಧನ ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತೇ ಬರಲಿಲ್ಲ. ಆದರೆ ಅಪಾಯವನ್ನು ಒಳಗೇ ಹಿಡಿದಿಡಬೇಕಾದ ಗುಮ್ಮಟವೇ ಕುಸಿದದ್ದು ಸುತ್ತಲಿನ ಜನರ ಮನಸ್ಸಿನಿಂದ ಅಷ್ಟು ಸುಲಭಕ್ಕೆ ಮಾಸುವಂಥದ್ದಲ್ಲ.

ಕೈಗಾದ ರಿಯಾಕ್ಟರ್‌ಗಳು ನೈಸರ್ಗಿಕ ಯುರೇನಿಯಂ ಉರಿಸುತ್ತವೆ, ಭಾರಜಲ ಬಳಸುತ್ತವೆ. ಭಾರಜಲದಲ್ಲಿರುವ ಡ್ಯೂಟೀರಿಯಂ ಎಂಬ ಭಾರ ಜಲಜನಕ ನ್ಯೂಟ್ರಾನನ್ನು ಹೀರಿಕೊಂಡಾಗ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕ ಹುಟ್ಟುತ್ತದೆ. ಅದರ ಅರ್ಧಾಯುಷ್ಯ ಸುಮಾರು 12.3 ವರ್ಷ. ಅದು ಸೂಸುವ ಬೀಟಾ ಕಿರಣ ಚರ್ಮವನ್ನೂ ದಾಟಲಾರದಷ್ಟು ದುರ್ಬಲ. ಆದರೆ ಟ್ರಿಟಿಯಂ ನೀರಿನ ರೂಪದಲ್ಲೇ ಇರುವುದರಿಂದ ಕುಡಿದರೆ, ಉಸಿರಾಡಿದರೆ ಮೈಯ ಮೂಲೆಮೂಲೆಗೂ ಹರಡುತ್ತದೆ. ದೇಹ ಸುಮಾರು ಹತ್ತು ದಿನಕ್ಕೆ ಅದರ ಅರ್ಧದಷ್ಟನ್ನು ಮೂತ್ರ, ಬೆವರಿನಲ್ಲಿ ಹೊರಹಾಕುತ್ತದೆ. ಹೆಚ್ಚು ನೀರು ಕುಡಿಸುವುದು, ಮೂತ್ರ ಹೆಚ್ಚಿಸುವ ಔಷಧ ಕೊಡುವುದೇ ಇದಕ್ಕೆ ಚಿಕಿತ್ಸೆ.

ಆ ಚಿಕಿತ್ಸೆಯ ಅಗತ್ಯ 2009ರ ನವೆಂಬರ್‌ನಲ್ಲಿ ನಿಜಕ್ಕೂ ಬಿತ್ತು. ಸ್ಥಾವರದೊಳಗೆ ದುಡಿಯುವವರು ಎದೆಯ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಧರಿಸುತ್ತಾರೆ, ಆಗಾಗ ಮೂತ್ರದ ಮಾದರಿ ಕೊಡುತ್ತಾರೆ. ಹಾಗೆ ಕೊಟ್ಟ ಮಾದರಿಗಳಲ್ಲಿ ಟ್ರಿಟಿಯಂ ಎಂದಿಗಿಂತ ಹೆಚ್ಚು ಕಂಡಿತು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಕುಡಿಯುವ ನೀರಿನ ಕೂಲರ್. ಯಾರೋ, ಬಹುಶಃ ಒಳಗಿನವರೇ, ಟ್ರಿಟಿಯಂ ಬೆರೆತ ಭಾರಜಲವನ್ನು ಅದಕ್ಕೆ ಸುರಿದಿದ್ದರು. ಟ್ರಿಟಿಯಂ 50ಕ್ಕೂ ಹೆಚ್ಚು ನೌಕರರ ದೇಹ ಸೇರಿದ್ದರೂ ಬಹುಪಾಲು ಜನರಲ್ಲಿ ಅದು ನಿಗದಿತ ಮಿತಿಯೊಳಗೇ ಇತ್ತು. ಬ್ಯಾಡ್ಜ್ ಹೊರಗಿನಿಂದ ಬೀಳುವ ಕಿರಣವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹೊಟ್ಟೆಗಿಳಿದ ಟ್ರಿಟಿಯಂ ಅದಕ್ಕೆ ಕಾಣದು. ಮೂತ್ರ ಪರೀಕ್ಷೆಯ ಶಿಸ್ತು ಇರದಿದ್ದರೆ ನೌಕರರು ಆ ನೀರನ್ನು ಇನ್ನೆಷ್ಟು ದಿನ ಕುಡಿಯುತ್ತಿದ್ದರೋ.

ದೊಡ್ಡ ಅಪಘಾತವಾದರೆ ಅಪಾಯದ ಬಗೆಯೇ ಬೇರೆ. ಆಗ ಹೊರಬೀಳುವ ಅಯೋಡಿನ್-131 ಥೈರಾಯ್ಡ್ ಗ್ರಂಥಿಯಲ್ಲಿ ಕೂರುತ್ತದೆ, ಸ್ಟ್ರಾನ್ಷಿಯಂ-90 ಮೂಳೆ ಸೇರುತ್ತದೆ, ಸೀಸಿಯಂ-137 ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. 1986ರ ಚೆರ್ನೋಬಿಲ್ ದುರಂತದ ನಂತರ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚಲು ಮುಖ್ಯ ಕಾರಣ ಕಲುಷಿತ ಹುಲ್ಲು ಮೇಯ್ದ ಹಸುಗಳ ಹಾಲು. ಸಕಾಲದಲ್ಲಿ ಪೊಟ್ಯಾಷಿಯಂ ಅಯೋಡೈಡ್ ಮಾತ್ರೆ ನುಂಗಿದರೆ ಥೈರಾಯ್ಡ್‌ಗೆ ರಕ್ಷಣೆ ಸಿಗುತ್ತದೆ. ಉಳಿದ ಧಾತುಗಳ ಮೇಲೆ ಅದು ನಡೆಯದು.

ಹಾಗೆಂದು ವಿಕಿರಣ ಸ್ಥಾವರದ ಬೇಲಿಯೊಳಗೆ ಮಾತ್ರ ಇದೆಯೆಂದು ತಿಳಿಯಬೇಕಿಲ್ಲ. ಹಂಪಿಯ ಬಂಡೆಗಳಂಥ ಗ್ರಾನೈಟ್ ಶಿಲೆಯಲ್ಲೂ ಯುರೇನಿಯಂ, ಥೋರಿಯಂ, ಪೊಟ್ಯಾಷಿಯಂ-40 ಅಲ್ಪ ಪ್ರಮಾಣದಲ್ಲಿರುತ್ತವೆ. ಸಂಡೂರಿನಿಂದ ದೂರವಿರದ ಕುಡಿತಿನಿಯ ಶಾಖೋತ್ಪನ್ನ ಸ್ಥಾವರದಂಥ ಕಡೆ ಉಳಿಯುವ ಕಲ್ಲಿದ್ದಲ ಬೂದಿಯಲ್ಲೂ ಇವುಗಳ ಅಂಶ ಇರುತ್ತದೆ. ನಿಸರ್ಗದಿಂದಲೇ ಮನುಷ್ಯನಿಗೆ ತಾಗುವ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಎಂಬ ಅಂದಾಜಿದೆ. ಅಣುಸ್ಥಾವರದಿಂದ ಸಾರ್ವಜನಿಕರಿಗೆ ತಾಗಬಹುದಾದ ಹೆಚ್ಚುವರಿ ಪ್ರಮಾಣಕ್ಕೆ ಭಾರತದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್; ಸ್ಥಾವರದ ನೌಕರರಿಗೆ ಯಾವುದೇ ಒಂದು ವರ್ಷದಲ್ಲಿ 30 ಮೀರಕೂಡದು, ಐದು ವರ್ಷದಲ್ಲಿ ಒಟ್ಟು 100 ದಾಟಕೂಡದು. ಮಿತಿಯೊಳಗಿದ್ದರೆ ಅಪಾಯವೇ ಇಲ್ಲವೆಂದು ಅರ್ಥವಲ್ಲ. ಪ್ರಮಾಣ ತಗ್ಗಿದಷ್ಟೂ ಕ್ಯಾನ್ಸರ್ ಸಾಧ್ಯತೆ ತಗ್ಗುತ್ತದೆ, ಸೊನ್ನೆಯಾಗುವುದಿಲ್ಲ ಎಂಬ ಎಣಿಕೆಯ ಮೇಲೆಯೇ ಈ ಮಿತಿಗಳು ನಿಂತಿವೆ.

ಕೈಗಾದ ಸುತ್ತಲಿನ ನೀರು, ಹಾಲು, ಮೀನು, ತರಕಾರಿಗಳನ್ನು ಪರಿಸರ ಪ್ರಯೋಗಾಲಯ ನಿಯಮಿತವಾಗಿ ಪರೀಕ್ಷಿಸುತ್ತದೆ. ಟಾಟಾ ಸ್ಮಾರಕ ಕೇಂದ್ರದ ಆರೋಗ್ಯ ಸಮೀಕ್ಷೆಗಳಲ್ಲಿ ಸ್ಥಾವರದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬಂದಿಲ್ಲ ಎಂಬುದು ಸರ್ಕಾರದ ಹೇಳಿಕೆ. ಸ್ಥಳೀಯರಲ್ಲಿ ಹಲವರಿಗೆ ಈ ಮಾತು ಸಮಾಧಾನ ತಂದಿಲ್ಲ. ಅಣುಶಕ್ತಿ ಇಲಾಖೆಯ ಅಧೀನದ ನಿಗಮವೇ ಸ್ಥಾವರ ನಡೆಸುತ್ತದೆ, ಅದೇ ಇಲಾಖೆಯ ಪ್ರಯೋಗಾಲಯವೇ ಅಳೆಯುತ್ತದೆ, ಸಮೀಕ್ಷೆ ಮಾಡಿದ ಕೇಂದ್ರವೂ ಅದೇ ಇಲಾಖೆಯ ನೆರವಿನಲ್ಲಿ ನಡೆಯುತ್ತದೆ. ಅಂಕಿಅಂಶ ನಿಜವೇ ಇದ್ದರೂ ನಂಬಿಕೆ ಹುಟ್ಟದಿರುವುದಕ್ಕೆ ಇದು ಸಾಕು.

ತುಂಗಭದ್ರೆಯ ದಂಡೆಯ ಕೊಪ್ಪಳ ಜಿಲ್ಲೆಯಲ್ಲೂ ಅಣುಸ್ಥಾವರಕ್ಕೆ ಜಾಗ ಹುಡುಕುವ ಮಾತು ಇತ್ತೀಚೆಗೆ ಕೇಳಿಬಂದಿದೆ. ಎದುರು ದಂಡೆಯ ಕಂಪ್ಲಿಯ ಗದ್ದೆಗಳಿಗೆ ಹರಿಯುವುದೂ ಇದೇ ನದಿಯ ನೀರು. ಅಂಥ ಯೋಜನೆ ನಿಜವಾಗುವುದಾದರೆ ಜಮೀನು ಅಳೆಯುವ ಮೊದಲು ಸುತ್ತಲಿನ ಹಳ್ಳಿಗಳ ಜನರ ಆರೋಗ್ಯ ಮತ್ತು ನೀರಿನ ಸ್ಥಿತಿಯನ್ನು ಅಣುಶಕ್ತಿ ಇಲಾಖೆಗೆ ಸೇರದ ಸಂಸ್ಥೆಯೊಂದು ದಾಖಲಿಸಬೇಕು, ಆ ದಾಖಲೆ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೂ ಸಿಗಬೇಕು.