ಹಿಡಿಯ ಮರ, ಉಕ್ಕಿನ ಇಸವಿ

ಎನ್‌ಸಿಸಿಯಲ್ಲಿ ಕವಾಯತು ಮಾಡಿದವರಿಗೆ, ಪೊಲೀಸ್ ಠಾಣೆಯ ಬಾಗಿಲಲ್ಲಿ ಕಾವಲು ನಿಂತವರನ್ನು ಕಂಡವರಿಗೆ ‘ತ್ರೀ ನಾಟ್ ತ್ರೀ’ ಕೋವಿ ಹೊಸದೇನಲ್ಲ. ಸುಮಾರು ನಾಲ್ಕು ಕೆ.ಜಿ. ತೂಕ, ಎಣ್ಣೆ ಕುಡಿದು ಕಪ್ಪಾದ ಮರ. ನಾನು ಮೊದಲ ಸಲ ಅದನ್ನು ಹೊತ್ತಾಗ ಗಮನವೆಲ್ಲ ಹೆಗಲಿನ ನೋವಿನ ಮೇಲಿತ್ತು. ಬೋಲ್ಟಿನ ಗುಂಡಿಯ ಹಿಂದೆ, ಬಟ್ಟು, ಅಂದರೆ ಹೆಗಲಿಗೆ ಒತ್ತುವ ಹಿಂಭಾಗದ ಮರ, ಬಂದು ಕೂರುವ ಉಕ್ಕಿನ ಕೊರಳಿನಲ್ಲಿ ಒಂದು ಕಿರೀಟ, ಒಂದು ಊರ ಹೆಸರು, ಒಂದು ಇಸವಿ ಕೆತ್ತಿದೆ ಎಂಬುದು ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಅದರ ಅಸಲಿ ಹೆಸರು ಲೀ-ಎನ್‌ಫೀಲ್ಡ್. ಈ ಕೋವಿಯ ಮಾರ್ಕ್ 3 ಮಾದರಿಯನ್ನು ಬ್ರಿಟಿಷ್ ಸೈನ್ಯ 1907ರಲ್ಲಿ ಒಪ್ಪಿಕೊಂಡಿತು. ಇಂಗ್ಲೆಂಡಿನ ಎನ್‌ಫೀಲ್ಡ್ ಮತ್ತು ಬರ್ಮಿಂಗ್‌ಹ್ಯಾಮ್, ಆಸ್ಟ್ರೇಲಿಯಾದ ಲಿತ್‌ಗೋ, ನಮ್ಮ ಹೂಗ್ಲಿ ದಂಡೆಯ ಇಷಾಪುರ, ಹೀಗೆ ಹಲವು ಕಡೆ ಅದು ತಯಾರಾಯಿತು. ಇವುಗಳ ಠಸೆ ಕೊರಳಿನ ಬಲಮಗ್ಗುಲಲ್ಲಿ ಸಿಗುತ್ತದೆ. ಎರಡನೇ ಮಹಾಯುದ್ಧದ ‘ನಂಬರ್ 4’ ಕೋವಿಯಲ್ಲಾದರೆ ಎಡಮಗ್ಗುಲು ನೋಡಬೇಕು. ಅಲ್ಲಿ ಊರ ಹೆಸರಿನ ಬದಲು ಗುಟ್ಟಿನ ಅಕ್ಷರಗಳೂ ಇರಬಹುದು. ‘ಎಂ 47 ಸಿ’ ಎಂದಿದ್ದರೆ ಅದು ಬಿಎಸ್‌ಎ ಕಂಪನಿಯ ಶರ್ಲಿ ಕಾರ್ಖಾನೆಯದು. ಕ್ರಮಸಂಖ್ಯೆಯ ನಡುವೆ ‘ಎಲ್’ ಬಂದರೆ ಕೆನಡಾದ ಲಾಂಗ್ ಬ್ರಾಂಚ್, ‘ಸಿ’ ಬಂದರೆ ಅಮೆರಿಕದ ಚಿಕೋಪಿ ಫಾಲ್ಸ್.

ಇಷ್ಟು ಓದಿದವರು ಇಸವಿ ಸಿಕ್ಕಿತು ಎಂದು ಕೋವಿ ಕೆಳಗಿಡುತ್ತಾರೆ. ಬಲ್ಲವರು ಇಲ್ಲಿಂದ ಕೆಲಸ ಶುರು ಮಾಡುತ್ತಾರೆ. ಏಕೆಂದರೆ ಆ ಇಸವಿ ಆ ಒಂದು ಉಕ್ಕಿನ ತುಂಡಿನದು ಮಾತ್ರ. ನಳಿಗೆಗೆ ಅದರದೇ ಇಸವಿ ಇದೆ, ಬುಡದ ಹತ್ತಿರ ಎರಡೇ ಅಂಕಿಯಲ್ಲಿ. ಮರದ ಜಾತಕ ಬೇರೆಯೇ.

ಮೊದಲಿಗೆ ಎಲ್ಲರಿಗೂ ಬೇಕಾಗಿದ್ದದ್ದು ಅಕ್ರೋಟು ಮರ. ಹಗುರ, ಗಟ್ಟಿ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ, ಉಳಿಗೆ ಸಲೀಸು, ಗುಂಡು ಹಾರಿದಾಗಿನ ಒದೆತವನ್ನೂ ತಾಳುತ್ತದೆ. ಆದರೆ ಯುದ್ಧ ಲಕ್ಷಗಟ್ಟಲೆ ಕೋವಿ ಕೇಳಿತು. ಅಕ್ರೋಟು ಅಷ್ಟು ಬೇಗ ಬೆಳೆಯುವ ಮರವಲ್ಲ. ಬ್ರಿಟನ್ನಿನಲ್ಲಿ ಬೀಚ್ ಬಂತು, ಉತ್ತರ ಅಮೆರಿಕದಲ್ಲಿ ಬರ್ಚ್ ಬಂತು, ಲಿತ್‌ಗೋದಲ್ಲಿ ಕ್ವೀನ್ಸ್‌ಲ್ಯಾಂಡ್ ಮೇಪಲ್, ಆಮೇಲೆ ಕೋಚ್‌ವುಡ್. ಯಾರ ಕಾಡಿನಲ್ಲಿ ಏನಿತ್ತೋ ಅದು ಅವರ ಸಿಪಾಯಿಯ ಕೈಗೆ ಬಂತು. ಲೀ-ಎನ್‌ಫೀಲ್ಡಿಗೆ ಒಂದು ಅನುಕೂಲವೂ ಇತ್ತು: ಅದರ ಬಟ್ಟು ಬೇರೆ, ಮುಂಭಾಗದ ಮರ ಬೇರೆ. ಜರ್ಮನಿಯ ಮೌಸರಿನಂತೆ ಉದ್ದಕ್ಕೂ ಒಂದೇ ಹಲಗೆ ಹುಡುಕಬೇಕಿರಲಿಲ್ಲ.

ಮರ ಗುರುತಿಸುವಾಗ ಬಣ್ಣವನ್ನು ನಂಬಬಾರದು. ಬಣ್ಣ ಹಚ್ಚಿ, ಅಗಸೆ ಎಣ್ಣೆ ಕುಡಿಸಿ, ನೂರಾರು ಕೈ ಸವೆಸಿದ ಮೇಲೆ ಬಿಳಿಯ ಬೀಚ್ ಕೂಡ ಅಕ್ರೋಟಿನ ಸೋಗು ಹಾಕುತ್ತದೆ. ನಮ್ಮ ಬಡಗಿಗಳು ಬೀಟೆಯನ್ನೂ ಹೊನ್ನೆಯನ್ನೂ ಬೇರೆ ಮಾಡುವುದು ಎಳೆ ನೋಡಿ. ಇಲ್ಲಿಯೂ ದಾರಿ ಅದೇ. ಬಟ್ಟಿನ ಹಿಂದಿನ ಲೋಹದ ಪಟ್ಟಿಯ ಎರಡು ತಿರುಪು ಬಿಚ್ಚಿದರೆ ಮರದ ಅಡ್ಡಗೊಯ್ತ ಕಾಣುತ್ತದೆ. ಬಿಸಿಲು, ಬೆವರು ಅಲ್ಲಿಗೆ ತಾಗಿಲ್ಲ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಅಕ್ರೋಟಿನ ರಂಧ್ರಗಳು ಬರಿಗಣ್ಣಿಗೂ ಕಾಣುವಷ್ಟು ದೊಡ್ಡವು. ಬಟ್ಟಿನ ಪಕ್ಕದಲ್ಲಿ ಅವೇ ಸೂಜಿಯಿಂದ ಗೀಚಿದಂಥ ಕಪ್ಪು ಗೀರುಗಳಾಗುತ್ತವೆ. ಬೀಚ್ ಹಾಗಲ್ಲ. ಅದರ ಮೈಮೇಲೆ ರಾಗಿ ಹಿಟ್ಟಿನಲ್ಲಿ ಹೊಟ್ಟು ಚೆಲ್ಲಿದಂತೆ ಮೊಟಕು ಮೊಟಕು ಕಂದು ಚುಕ್ಕೆಗೀರುಗಳು, ಎಲ್ಲ ಒಂದೇ ದಿಕ್ಕಿಗೆ. ಒಂದು ಸಲ ಕಂಡರೆ ಮರೆಯುವುದಿಲ್ಲ. ಬರ್ಚಿನಲ್ಲಿ ಈ ಚುಕ್ಕೆಗಳಿಲ್ಲ. ತಿಳಿ ಬಣ್ಣ, ನುಣುಪು ಮೈ, ಕೆಲವೊಮ್ಮೆ ಬೆಳಕಿಗೆ ಓರೆ ಹಿಡಿದರೆ ನೀರಿನ ಅಲೆಯಂಥ ಹೊಳಪು.

ಕೋಚ್‌ವುಡ್ ಮೆತ್ತಗಿನ ಮರ. ಒದೆತ ತಾಗುವ ಜಾಗದಲ್ಲಿ ಜಜ್ಜಿಹೋಗುತ್ತದೆಂದು ಲಿತ್‌ಗೋದವರು ಒಳಗೆ ತಾಮ್ರದ ಬಿಲ್ಲೆ ಕೂರಿಸಿದರು. ಆ ಮರದ ಮೇಲೆ ‘ಸ್ಲಾಜ್’ ಎಂಬ ಠಸೆ, ಪಕ್ಕದಲ್ಲಿ ‘43’ ಥರದ ಎರಡಂಕಿ ಸಿಕ್ಕರೆ ನಗು ಬರಬೇಕು. ಅದು ಟೆನಿಸ್ ರ‍್ಯಾಕೆಟ್ಟಿಗೆ ಹೆಸರಾದ ಸ್ಲಾಜೆಂಜರ್! ಯುದ್ಧ ಬಂದಾಗ ಅವರು ಕೋವಿಗೆ ಮರ ಕೆತ್ತಿದರು.

ಇಂಥ ಠಸೆಗಳ ಮೇಲೆ ಉಪ್ಪುಕಾಗದ ಉಜ್ಜುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹತ್ತು ನಿಮಿಷದ ಹೊಳಪಿಗಾಗಿ ಇಡೀ ದಾಖಲೆ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಬಟ್ಟಿನ ಮೇಲಂಚಿನ ‘ಎಸ್’, ‘ಎಲ್’, ‘ಬಿ’ ಅಕ್ಷರಗಳೂ ಹಾಗೆ ಹೋಗುತ್ತವೆ. ಅವು ಬಟ್ಟಿನ ಅಳತೆ: ಗಿಡ್ಡ, ಉದ್ದ, ‘ಬ್ಯಾಂಟಮ್’ ಎಂದರೆ ತೀರ ಗಿಡ್ಡ. ಅಕ್ಷರವಿಲ್ಲದ್ದು ಸಾಧಾರಣ ಅಳತೆ. ಸಿಪಾಯಿಯ ತೋಳಿಗೆ ತಕ್ಕಂತೆ, ದರ್ಜಿ ಅಂಗಿ ಹೊಲಿದ ಹಾಗೆ.

ಈಗ ಎಲ್ಲವನ್ನೂ ಜೋಡಿಸಿ ನೋಡೋಣ. ಒಂದು ಕೋವಿಯ ಕೊರಳಿನಲ್ಲಿ ‘ಎನ್‌ಫೀಲ್ಡ್ 1917’, ಜೊತೆಗೆ ಮಾರ್ಕ್ 3ರ ಪಕ್ಕ ನಕ್ಷತ್ರ. 1916ರಲ್ಲಿ ಬಂದ ಆ ನಕ್ಷತ್ರದ ಅರ್ಥ, ಕೆಲಸ ಬೇಗ ಮುಗಿಯಲೆಂದು ಕೆಲವು ಭಾಗ ಕೈಬಿಟ್ಟಿದ್ದಾರೆ ಎಂದು. ಬಟ್ಟಿನ ಪಕ್ಕದಲ್ಲಿ ರೆಜಿಮೆಂಟಿನ ಗುರುತಿಗಿದ್ದ ಹಿತ್ತಾಳೆ ಬಿಲ್ಲೆಯೂ ಹಾಗೆ ಬಿಟ್ಟದ್ದೇ. ಆದರೆ ಈ ಕೋವಿಯ ಅಕ್ರೋಟು ಬಟ್ಟಿನಲ್ಲಿ ಬಿಲ್ಲೆ ಕೂರಿಸಿದ್ದ ದುಂಡು ಗುಳಿ ಇದೆ. ಅಂದರೆ ಬಟ್ಟು ಇನ್ನೂ ಹಳೆಯ ಕೋವಿಯದಿರಬೇಕು. ಮುಂಭಾಗದ ಮರಕ್ಕೆ, ಟ್ರಿಗರಿನ ಮುಂದೆ, ಅಡ್ಡಲಾಗಿ ಒಂದು ತಿರುಪು ತೂರಿಸಿದ್ದಾರೆ. ಮರ ಸೀಳದಿರಲೆಂದು ಇಷಾಪುರದವರು ಹಾಕುತ್ತಿದ್ದದ್ದು ಅದು. ನಳಿಗೆಯ ಬುಡದಲ್ಲಿ ‘42’. ಆ ತಿರುಪಿನ ತಲೆಯ ಸುತ್ತ ಎಣ್ಣೆ ಹೆಪ್ಪುಗಟ್ಟಿ ಕಪ್ಪು ಉಂಗುರವಾಗಿದೆ.