ಒಂಬತ್ತು ಮಾದಲ, ಏಳು ಬೇಲ

ರಾಮನವಮಿ ಹತ್ತಿರವಾದರೆ ವಿಜಯನಗರದ ಮಾರುಕಟ್ಟೆಗೆ ಪಾನಕಕ್ಕೆಂದು ಬೇಲದಹಣ್ಣು ಬರುತ್ತದೆ. ಇದೇ ಹಣ್ಣಿನ ಬೆಲೆಯನ್ನಿಟ್ಟುಕೊಂಡು ಸುಮಾರು 850ರಲ್ಲಿ ಒಂದು ಲೆಕ್ಕ ಕಟ್ಟಿದವರು ಮಹಾವೀರಾಚಾರ್ಯರು. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದವರು ಅವರು. ಅವರ ‘ಗಣಿತಸಾರಸಂಗ್ರಹ’ ಇರುವುದು ಸಂಸ್ಕೃತ ಪದ್ಯಗಳಲ್ಲಿ. ಲೆಕ್ಕ ಮಾತ್ರ ನಮ್ಮ ಸಂತೆಯದ್ದೇ.

9 ಮಾದಲ, 7 ಬೇಲ ಸೇರಿ 107. 7 ಮಾದಲ, 9 ಬೇಲ ಸೇರಿ 101. ಒಂದೊಂದರ ಬೆಲೆ ಎಷ್ಟು?

ರಾಜಾಜಿನಗರದ ಹತ್ತನೇ ತರಗತಿಯ ಹುಡುಗಿ ಇದನ್ನು ‘ವರ್ಜಿಸುವ ವಿಧಾನ’ದಲ್ಲಿ ಬಿಡಿಸುತ್ತಾಳೆ. ಮೊದಲ ಸಾಲನ್ನು 9ರಿಂದ, ಎರಡನೆಯದನ್ನು 7ರಿಂದ ಗುಣಿಸಿದರೆ ಎರಡರಲ್ಲೂ ಬೇಲ 63 ಆಗುತ್ತದೆ. ಕಳೆದರೆ ಬೇಲ ಪೂರ್ತಿ ಹೋಗಿ, 32 ಮಾದಲಕ್ಕೆ 256 ಉಳಿಯುತ್ತದೆ. ಮಾದಲಕ್ಕೆ 8, ಬೇಲಕ್ಕೆ 5. ಆಚಾರ್ಯರ ಸೂತ್ರವೂ ಇದೇ: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ, ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ ಕಳೆ, ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು. 81ರಲ್ಲಿ 49 ಹೋದರೆ ಅದೇ 32! ಪುಟದಷ್ಟು ಕೆಲಸವನ್ನು ಒಂದೇ ಉಸಿರಿಗೆ ಇಳಿಸಿದ ಈ ಜಾಣ್ಮೆಗೆ ನಾನು ಎಂದೋ ಮನಸೋತಿದ್ದೇನೆ.

ಆದರೂ ಪೆನ್ನು ಹಿಡಿಯುವ ಮೊದಲು ಲೆಕ್ಕದ ಮುಖ ನೋಡಬೇಕು. 9, 7 ಇಲ್ಲಿ ಅದಲುಬದಲಾಗಿವೆ, ಅಷ್ಟೆ. ಎರಡೂ ಸಾಲು ಕೂಡಿಸಿ: 16 ಮಾದಲ, 16 ಬೇಲಕ್ಕೆ 208, ಅಂದರೆ ಒಂದು ಜೊತೆಗೆ 13. ಈಗ ಕಳೆಯಿರಿ: 2 ಮಾದಲದ ಬೆಲೆ 2 ಬೇಲಕ್ಕಿಂತ 6 ಹೆಚ್ಚು, ಒಂದಕ್ಕೆ 3 ಹೆಚ್ಚು. ಮೊತ್ತ 13, ವ್ಯತ್ಯಾಸ 3 ಎಂದಮೇಲೆ 8 ಮತ್ತು 5 ಬಾಯಲ್ಲೇ ಬರುತ್ತವೆ.

ಎರಡು ಸಾಲಲ್ಲೂ 9 ಮಾದಲ, 9 ಬೇಲ ಎಂದೇ ಇದ್ದಿದ್ದರೆ? ವರ್ಗಗಳ ವ್ಯತ್ಯಾಸ ಸೊನ್ನೆಯಾಗಿ ಸೂತ್ರ ಅಲ್ಲೇ ನಿಲ್ಲುತ್ತದೆ. ಬೆಲೆಗಳು ಒಂದೇ ಆಗಿದ್ದರೆ ಎರಡನೆಯ ಸಾಲು ಹೊಸದೇನನ್ನೂ ಹೇಳುತ್ತಿಲ್ಲ. ಬೇರೆಯಾಗಿದ್ದರೆ ಉತ್ತರವೇ ಇಲ್ಲ. ಎರಡು ಅಜ್ಞಾತಗಳಿಗೆ ಎರಡು ಸಮೀಕರಣ ಸಾಲದು, ಅವು ಬೇರೆಬೇರೆ ಮಾತಾಡಬೇಕು.

ಪಿಯುಸಿಯಲ್ಲಿ ಬರುವ ಅಸಮತೆ ಕೈಚೀಲದ ಲೆಕ್ಕಕ್ಕೆ ಇನ್ನೂ ಹತ್ತಿರ. ಅದೇ ಬೆಲೆಗೆ, 100 ಮೀರದಂತೆ, ಎರಡೂ ಹಣ್ಣು ಕನಿಷ್ಠ ಆರಾರು ಬೇಕು ಎನ್ನಿ. ಆರಾರಕ್ಕೆ 78 ಹೋಗಿ 22 ಉಳಿಯುತ್ತದೆ. ಅದರಲ್ಲಿ ಹೆಚ್ಚಿಗೆ ಮಾದಲ ಕೊಳ್ಳದಿದ್ದರೆ ಬೇಲಕ್ಕೆ ಐದು ಆಯ್ಕೆ, ಸೊನ್ನೆಯಿಂದ ನಾಲ್ಕರವರೆಗೆ. ಒಂದು ಮಾದಲ ಕೊಂಡರೆ ಮೂರು, ಎರಡು ಕೊಂಡರೆ ಎರಡು. ಉತ್ತರ ಒಂದಲ್ಲ, ಹತ್ತು, ಹತ್ತೂ ಸರಿ. ನೂರನ್ನು ಸರಿಯಾಗಿ ಮುಟ್ಟುವುದು ಮಾತ್ರ ಅವುಗಳಲ್ಲಿ ಒಂದೂ ಇಲ್ಲ. 8 ಮಾದಲ, 7 ಬೇಲ ಕೊಂಡರೆ 99. ಅದೇ ತೀರಾ ಹತ್ತಿರದ್ದು.